ಒಳ ರಸ್ತೆಗಳಲ್ಲಿ ಗಾಡಿಗಳ ವೇಗ: ಮಕ್ಕಳು, ಹಿರಿಯರು ರಸ್ತೆ ದಾಟುವುದು ಹೇಗೆ? (ಬಳ್ಳಾರಿ)

ಕಪ್ಪಗಲ್ಲು ರಸ್ತೆ ಟೀಚರ್

ಬಳ್ಳಾರಿಯವರೆಲ್ಲ ದಯವಿಟ್ಟು ಓದಿ, ನಿಮ್ಮ ಓಣಿಯ ಅನುಭವವನ್ನೂ ಬರೆಯಿರಿ.

ನಮ್ಮದು ಕಪ್ಪಗಲ್ಲು ರಸ್ತೆಯಿಂದ ಒಳಗೆ ತಿರುಗುವ ಅಡ್ಡ ರಸ್ತೆ. ಎರಡೂ ಕಡೆ ಮನೆಗಳು. ಒಂದು ತುದಿಗೆ ಪ್ರಾಥಮಿಕ ಶಾಲೆ, ಇನ್ನೊಂದು ತುದಿಗೆ ಗುಡಿ. ಮೊದಲು ಡಾಂಬರು ಕಿತ್ತುಹೋಗಿ ಗುಂಡಿ ಬಿದ್ದಿತ್ತು. ಆಗ ಗಾಡಿಗಳು ತಾವಾಗಿಯೇ ನಿಧಾನ ಬರುತ್ತಿದ್ದವು. ಸಿಸಿ ರಸ್ತೆ ಆದಾಗ ಎಲ್ಲರಿಗೂ ಖುಷಿ. ಧೂಳು ಕಡಿಮೆ ಆಯಿತು, ಮಳೆ ಬಂದರೆ ಕೆಸರಿಲ್ಲ. ಆದರೆ ಈಗ ಮುಖ್ಯ ರಸ್ತೆಯ ಸಿಗ್ನಲ್ ತಪ್ಪಿಸಲು ಬೈಕು, ಕಾರು, ಟಂಟಂ, ಒಮ್ಮೊಮ್ಮೆ ಮರಳಿನ ಟಿಪ್ಪರ್ ಕೂಡ ನಮ್ಮ ಮನೆಗಳ ಮುಂದೆಯೇ ನುಗ್ಗುತ್ತವೆ.

ಹೋದ ತಿಂಗಳು ಪಕ್ಕದ ಮನೆಯ ಅಜ್ಜಿ ಗುಡಿಯಿಂದ ಬರುತ್ತಿದ್ದರು. ಮೂಲೆಯಲ್ಲಿ ನಿಂತಿದ್ದ ಕಾರಿನ ಹಿಂದಿನಿಂದ ರಸ್ತೆಗೆ ಕಾಲಿಟ್ಟರು. ಬೈಕಿನ ಹುಡುಗ ಬ್ರೇಕ್ ಹಿಡಿದ. ಆದರೂ ಗಾಡಿ ಜಾರಿಕೊಂಡು ಬಂದು ತಗುಲಿತು. ಅಜ್ಜಿಗೆ ತೊಡೆ ಮೂಳೆ ಮುರಿಯಿತು. ಆ ಹುಡುಗ ಓಡಿಹೋಗಲಿಲ್ಲ. ತನ್ನ ಮೊಣಕೈ ಕಿತ್ತು ರಕ್ತ ಸುರಿಯುತ್ತಿದ್ದರೂ ಆಟೋ ಕರೆದು ಆಸ್ಪತ್ರೆಗೆ ಬಂದ. ಅವನು ಕೆಟ್ಟವನಲ್ಲ. ಆ ರಸ್ತೆಯಲ್ಲಿ ಎಲ್ಲರೂ ಬರುವ ವೇಗದಲ್ಲೇ ಅವನೂ ಬಂದಿದ್ದ. ನನಗೆ ಹೆದರಿಕೆ ಆಗುವುದೇ ಇದಕ್ಕೆ.

ಶಾಲೆಯ ಮುಂದೆ ದಾಟಲು ಒಂದು ಸರಿಯಾದ ಜಾಗ ಬೇಕು. ಗಾಡಿಗಳು 30ಕ್ಕಿಂತ ಜಾಸ್ತಿ ವೇಗದಲ್ಲಿ ಹೋಗಬಾರದು. ಇದನ್ನು ಯಾರ ಹತ್ತಿರ, ಏನಂತ ಕೇಳಬೇಕು? ಗೊತ್ತಿದ್ದವರು ಹೇಳಿ.

ಕೌಲ್ ಬಜಾರ್ ಹುಡುಗ

ಅಕ್ಕ, ಅರ್ಜಿ ಕೊಟ್ಟು ಕಾಯುತ್ತಾ ಕೂತರೆ ಆಗಲ್ಲ. ಎರಡು ಮೂಟೆ ಸಿಮೆಂಟ್, ಒಂದಿಷ್ಟು ಜಲ್ಲಿ ತಂದು ರಾತ್ರಿ ಹಂಪ್ ಹಾಕಿಬಿಡಿ. ನಮ್ಮ ಓಣಿಯಲ್ಲಿ ಹುಡುಗರೆಲ್ಲ ಸೇರಿ ಹಾಗೇ ಮಾಡಿದ್ದೇವೆ. ಈಗ ಯಾರೂ ಜೋರಾಗಿ ಬರಲ್ಲ. ಆಳು ಬೇಕಂದ್ರೆ ಹೇಳಿ, ನಾವೇ ಬರ್ತೀವಿ.

ಮೂಳೆ ವಾರ್ಡ್ ಸಿಸ್ಟರ್

ತಮ್ಮಾ, ನಿನ್ನ ಮನಸ್ಸು ಒಳ್ಳೆಯದು. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ನಾನು ಮೂಳೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಗಾಡಿ ತಗುಲಿ ಬರುವವರ ಹಾಗೆಯೇ ಇಂಥ ಹಂಪ್ ಎಗರಿ ಬಿದ್ದು ಬರುವವರೂ ಇದ್ದಾರೆ. ಅವರಲ್ಲಿ ಬೈಕಿನ ಹಿಂದೆ ಕೂತ ಹೆಂಗಸರೇ ಜಾಸ್ತಿ. ಸೀರೆ ಉಟ್ಟು ಎರಡೂ ಕಾಲು ಒಂದೇ ಕಡೆ ಹಾಕಿ ಕೂತಿರುತ್ತಾರೆ. ತೊಡೆಯ ಮೇಲೆ ಮಗು, ಕೈಯಲ್ಲಿ ಚೀಲ. ಬಣ್ಣವಿಲ್ಲದ ಹಂಪ್ ಕತ್ತಲಲ್ಲಿ ಕಾಣುವುದಿಲ್ಲ. ಗಾಡಿ ಎಗರಿದಾಗ ಹಿಡಿದುಕೊಳ್ಳಲು ಏನೂ ಸಿಗದೆ ತಲೆ ಹಿಂದಾಗಿ ಬೀಳುತ್ತಾರೆ. ತುಂಬು ಬಸುರಿಯನ್ನು ಆಟೋದಲ್ಲಿ ಹೆರಿಗೆಗೆ ಕರೆತರುವವರಿಗೂ ಅದೇ ಪಾಡು.

ಟೀಚರ್, ಅಜ್ಜಿಯ ವಿಷಯ ಓದಿ ಬೇಸರವಾಯಿತು. ಆ ವಯಸ್ಸಿನಲ್ಲಿ ತೊಡೆ ಮೂಳೆ ಮುರಿದರೆ ಮೂಳೆ ಕೂಡಿದರಷ್ಟೇ ಸಾಲದು. ಮಲಗಿದಲ್ಲೇ ಮಲಗಿದರೆ ಬೆನ್ನಿಗೆ ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. ಡಾಕ್ಟರ್ ಹೇಳಿದ ಹಾಗೆ ಬೇಗ ಎಬ್ಬಿಸಿ ಕೂರಿಸಿ, ಮಗ್ಗುಲು ಬದಲಿಸುತ್ತಾ ಇರಿ.

ಇನ್ನೊಂದು ಮಾತು. ಪೊಲೀಸ್, ಕೋರ್ಟು ಅಂತ ಹೆದರಿ ಗಾಯಾಳುವನ್ನು ರಸ್ತೆಯಲ್ಲೇ ಬಿಟ್ಟು ಹೋಗುವವರು ಇನ್ನೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಕರೆತಂದವರು ಹೆಸರು ಹೇಳಲೇಬೇಕು, ಸಾಕ್ಷಿ ಆಗಲೇಬೇಕು ಅಂತ ಯಾರೂ ಬಲವಂತ ಮಾಡುವಂತಿಲ್ಲ. ಧೈರ್ಯವಾಗಿ ಕರೆತನ್ನಿ.

ಸುಧಾ ಕ್ರಾಸ್ ಆಟೋ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ಒಂದು ಬಾಡಿಗೆಗೆ ಹೋಗಿ ಬರುವಷ್ಟರಲ್ಲಿ ಎಷ್ಟು ಹಂಪ್ ಹತ್ತಿ ಇಳಿಯಬೇಕು ಗೊತ್ತಾ? ಮುಂದಿನ ಚಕ್ರ ಹತ್ತುವಾಗ ಒಂದು ಏಟು, ಹಿಂದಿನದು ಇಳಿಯುವಾಗ ಎರಡು ಏಟು. ಶಾಕ್ ಅಬ್ಸಾರ್ಬರ್ ಹೋದರೆ ನನ್ನ ಜೇಬಿಗೇ ಕತ್ತರಿ. ಪ್ಯಾಸೆಂಜರ್ ಬೈಯುವುದೂ ನನ್ನನ್ನೇ.

ಹಾಗಂತ ಹಂಪ್ ಬೇಡವೇ ಬೇಡ ಅಂತಲ್ಲ. ಶಾಲೆ ಬಿಡುವ ಹೊತ್ತಿಗೆ ಮಕ್ಕಳು ಯಾವ ಕಡೆಯಿಂದ ಓಡಿ ಬರುತ್ತಾರೋ ಅಂತ ನನಗೂ ಎದೆ ಡವಗುಟ್ಟುತ್ತದೆ. ಹಾಕಿದರೆ ಸರಿಯಾಗಿ ಹಾಕಿ, ಬಣ್ಣ ಬಳಿಯಿರಿ, ಮೊದಲೇ ಒಂದು ಬೋರ್ಡ್ ನಿಲ್ಲಿಸಿ.

ನಿವೃತ್ತ ಎಂಜಿನಿಯರ್

ರಸ್ತೆ ಕೆಲಸದಲ್ಲೇ ತಲೆ ಹಣ್ಣಾದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದಿ.

ಮೊದಲು ವೇಗದ ಮಾತು. ಗಂಟೆಗೆ 50 ಕಿ.ಮೀ ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 14 ಮೀಟರ್. 30 ಅಂದರೆ ಸೆಕೆಂಡಿಗೆ 8 ಮೀಟರ್ ಚಿಲ್ಲರೆ. ಎದುರಿಗೆ ಮಗು ಕಂಡ ಮೇಲೆ ಅದು ತಲೆಗೆ ಹೋಗಿ ಕಾಲು ಬ್ರೇಕ್ ಒತ್ತಲು ಒಂದು ಸೆಕೆಂಡಾದರೂ ಬೇಕು. ಆಮೇಲೆ ಗಾಡಿ ನಿಲ್ಲಲು ಇನ್ನಷ್ಟು ದೂರ ಬೇಕು. ಒಣ ರಸ್ತೆ, ಒಳ್ಳೆ ಬ್ರೇಕ್ ಇದ್ದರೆ 30ರಲ್ಲಿ ಬಂದ ಗಾಡಿ ಒಟ್ಟು 13 ಮೀಟರಿನಲ್ಲಿ ನಿಲ್ಲುತ್ತದೆ. 50ರಲ್ಲಿ ಬಂದದ್ದಕ್ಕೆ 28 ಮೀಟರ್ ಬೇಕು. ಈಗ ಒಂದು ಮಗು 14 ಮೀಟರ್ ದೂರದಲ್ಲಿ ರಸ್ತೆಗೆ ಕಾಲಿಟ್ಟಿತು ಅಂದುಕೊಳ್ಳಿ. 30ರಲ್ಲಿ ಬರುವವನು ಮಗುವಿಗಿಂತ ಈಚೆಗೇ ನಿಲ್ಲುತ್ತಾನೆ. 50ರಲ್ಲಿ ಬರುವವನು ಬ್ರೇಕ್ ಒತ್ತುವ ಹೊತ್ತಿಗೇ ಮಗುವಿನ ಹತ್ತಿರ ಬಂದಿರುತ್ತಾನೆ. ಅಂದರೆ ಪೂರಾ 50ರ ವೇಗದಲ್ಲೇ ಗುದ್ದುತ್ತಾನೆ. ಟೀಚರ್ ಹೇಳಿದ ಹುಡುಗನಿಗೂ ಹೀಗೇ ಆಗಿರಬೇಕು. ಅವನು ಬ್ರೇಕ್ ಹಿಡಿದದ್ದು ನಿಜ, ಆದರೆ ದೂರ ಸಾಲಲಿಲ್ಲ.

ಮನೆಗಳಿರುವ ರಸ್ತೆಗೆ 30 ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇಂಥ ಲೆಕ್ಕದ ಮೇಲೆಯೇ. ಸರಾಸರಿ ವೇಗ ನೂರಕ್ಕೆ ಒಂದು ಪಾಲು ಏರಿದರೆ ಸಾವಿನ ಅಪಘಾತದ ಅಪಾಯ ನೂರಕ್ಕೆ ನಾಲ್ಕು ಪಾಲು ಏರುತ್ತದೆ ಅನ್ನುತ್ತಾರೆ ಅವರು. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು.

ಇನ್ನು ಹಂಪ್. ರಸ್ತೆ ಕಟ್ಟುವುದಕ್ಕೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆ ಇದಕ್ಕೆ ಅಳತೆ ಕೊಟ್ಟಿದೆ. ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಹಾಸು, ನಡುವೆ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಅದರ ಮೇಲೆ 25 ಕಿ.ಮೀ ವೇಗದಲ್ಲಿ ಹೋದರೆ ಸೊಂಟಕ್ಕೆ ಏನೂ ಆಗುವುದಿಲ್ಲ. ಜೋರಾಗಿ ಹೋದರೆ ಮಾತ್ರ ಕುಲುಕುತ್ತದೆ. 40 ಮೀಟರ್ ಮೊದಲೇ ಎಚ್ಚರಿಕೆ ಬೋರ್ಡ್ ಇರಬೇಕು. ಮೇಲೆ ರಾತ್ರಿ ಹೊಳೆಯುವ ಬಣ್ಣ ಇರಬೇಕು. ಓಣಿ ಹುಡುಗರು ಹಾಕುವುದು ಒಂದಡಿ ಅಗಲ, ಅರ್ಧ ಅಡಿ ಎತ್ತರದ ದಿಂಡು. ಅದು ನಿಧಾನ ಹೋಗುವವನನ್ನೂ ಎತ್ತಿ ಹಾಕುತ್ತದೆ.

ನನ್ನನ್ನು ಕೇಳಿದರೆ ಶಾಲೆ ಮುಂದೆ ಹಂಪ್ ಬೇಡ, ಟೇಬಲ್ ಟಾಪ್ ಕ್ರಾಸಿಂಗ್ ಕೇಳಿ. ದಾಟುವ ಜಾಗವನ್ನೇ ಫುಟ್‌ಪಾತ್ ಮಟ್ಟಕ್ಕೆ, ಸುಮಾರು 15 ಸೆಂಟಿಮೀಟರ್ ಎತ್ತರಿಸುತ್ತಾರೆ. ಮೇಲೆ ಚಪ್ಪಟೆ, ಎರಡೂ ಕಡೆ ಇಳಿಜಾರು. ಜೀಬ್ರಾ ಪಟ್ಟಿ ಅದರ ಮೇಲೇ ಬರುತ್ತದೆ, ಕನಿಷ್ಠ 3 ಮೀಟರ್ ಅಗಲ. ಮಗು ಇಳಿಯದೆ, ಹತ್ತದೆ ನೇರ ದಾಟುತ್ತದೆ. ಹತ್ತಿ ಇಳಿಯಬೇಕಾದದ್ದು ಗಾಡಿ. ಬರೀ ನೆಲದ ಮೇಲೆ ಬಿಳಿ ಪಟ್ಟಿ ಬಳಿದರೆ ನಮ್ಮ ಕಡೆ ಯಾರೂ ನಿಲ್ಲಿಸುವುದಿಲ್ಲ, ಅಲ್ವಾ? ರಸ್ತೆಯೇ ನಿಧಾನ ಮಾಡಿಸಬೇಕು.

ಪಾರ್ವತಿ ನಗರ ನಿವಾಸಿ

ಎಲ್ಲರೂ ಗಾಡಿಯವರನ್ನೇ ಹಿಡಿದುಕೊಂಡಿದ್ದೀರಿ. ನನ್ನ ಮಾತನ್ನೂ ಕೇಳಿ. ಎರಡೂ ಕಡೆ ನೋಡಿ ದಾಟು ಅಂತ ಮಕ್ಕಳಿಗೆ ಹೇಳಿಕೊಡುವುದು ಹೆತ್ತವರ ಕೆಲಸ. ದೊಡ್ಡವರೂ ಮೊಬೈಲ್ ಕಿವಿಗಿಟ್ಟುಕೊಂಡು ಅಡ್ಡಾದಿಡ್ಡಿ ದಾಟುತ್ತಾರೆ. ಹೆಜ್ಜೆಗೊಂದು ಉಬ್ಬು ಕಟ್ಟಿದರೆ ಆಂಬ್ಯುಲೆನ್ಸ್ ಹೇಗೆ ಹೋಗಬೇಕು? ಕೆಲಸಕ್ಕೆ ಹೋಗುವವರಿಗೆ ಹೊತ್ತಾಗುವುದಿಲ್ಲವಾ? ಎಲ್ಲಾ ಒಳ ರಸ್ತೆಯಲ್ಲೂ 30 ಅಂದರೆ ಊರು ದಾಟುವುದೇ ಕಷ್ಟ.

ಕಪ್ಪಗಲ್ಲು ರಸ್ತೆ ಟೀಚರ್

ಸರ್, ಮಕ್ಕಳಿಗೆ ದಿನಾ ಹೇಳಿಕೊಡುತ್ತೇನೆ. ಸಾಲಾಗಿ ನಿಲ್ಲಿಸಿ ಕೈ ಹಿಡಿದು ದಾಟಿಸುತ್ತೇನೆ. ಆದರೆ ಎರಡನೇ ಕ್ಲಾಸಿನ ಮಗುವಿನ ತಲೆ ನಿಂತ ಕಾರಿನ ಬಾನೆಟ್‌ಗಿಂತ ಸ್ವಲ್ಪ ಮೇಲೆ, ಅಷ್ಟೇ. ಅದು ಎರಡೂ ಕಡೆ ನೋಡಿದರೂ ಏನು ಕಾಣುತ್ತದೆ? ದೂರದಲ್ಲಿ ಬರುವ ಬೈಕು ಎಷ್ಟು ವೇಗದಲ್ಲಿದೆ ಅಂತ ಅಂದಾಜು ಮಾಡುವುದು ದೊಡ್ಡವರಿಗೇ ಕಷ್ಟ. ಏಳು ವರ್ಷದ ಮಗುವಿಗೆ ಹೇಗೆ ಬರಬೇಕು?

ಹೊತ್ತಿನ ಲೆಕ್ಕ ನೋಡಿ. ನಮ್ಮ ರಸ್ತೆ ಒಂದು 400 ಮೀಟರ್ ಇರಬಹುದು. 50ರಲ್ಲಿ ಹೋದರೆ 29 ಸೆಕೆಂಡ್, 30ರಲ್ಲಿ ಹೋದರೆ 48 ಸೆಕೆಂಡ್. ಉಳಿಯುವುದು 20 ಸೆಕೆಂಡೂ ಅಲ್ಲ. ನೀವು ಕೆಲಸಕ್ಕೆ ಹೋಗುವಾಗ ಇಂಥ ಒಳ ರಸ್ತೆ ಎಷ್ಟು ಸಿಗುತ್ತವೆ? ಮುಖ್ಯ ರಸ್ತೆಯಲ್ಲಿ ನೀವು ಹೇಗೆ ಬೇಕಾದರೂ ಹೋಗಿ ಅನ್ನುವುದಿಲ್ಲ, ಆದರೆ ಅಲ್ಲಿನ ಮಾತೇ ಬೇರೆ. ನಾವು ಕೇಳುತ್ತಿರುವುದು ಮನೆ ಮುಂದಿನ ರಸ್ತೆಗೆ.

ನಿವೃತ್ತ ಎಂಜಿನಿಯರ್

ಆಂಬ್ಯುಲೆನ್ಸ್ ಬಗ್ಗೆ ಪಾರ್ವತಿ ನಗರದವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದಕ್ಕೇ ಎಲ್ಲೆಂದರಲ್ಲಿ ಹಂಪ್ ಬೇಡ ಅನ್ನುವುದು. ಅಳತೆಯಲ್ಲಿ ಕಟ್ಟಿದ ಒಂದು ಕ್ರಾಸಿಂಗ್ ದಾಟಲು ಆಂಬ್ಯುಲೆನ್ಸಿಗೆ ಕೆಲವೇ ಸೆಕೆಂಡ್ ಹೆಚ್ಚು ಹಿಡಿಯಬಹುದು. ಆ ಒಂದಡಿಯ ದಿಂಡುಗಳೇ ಒಳಗಿನ ರೋಗಿಗೆ ಹೆಚ್ಚು ತ್ರಾಸು ಕೊಡುವುದು.

ರಾಯಚೂರು ನಿಜಲಿಂಗಪ್ಪ ಕಾಲೋನಿ

ನಮಸ್ಕಾರ ರೀ. ರಾಯಚೂರಿನ ಕಥೆಯೂ ಇದೇ ನೋಡ್ರಿ. ಗಂಜ್ ಕಡೆ ಹತ್ತಿ ಸೀಸನ್ ಶುರುವಾದರೆ ದೊಡ್ಡ ರಸ್ತೆಯಲ್ಲಿ ಲಾರಿ, ಟ್ರ್ಯಾಕ್ಟರ್ ತುಂಬುತ್ತವೆ. ಆಗ ಕಾರು, ಬೈಕಿನವರು ಕಾಲೋನಿಗಳ ಒಳಗೆ ನುಗ್ಗುತ್ತಾರೆ. ನಮ್ಮಲ್ಲಿ ಒಂದು ಕಡೆ ಹಿರಿಯರು ಸೇರಿ ಜೀಬ್ರಾ ಪಟ್ಟಿ ಬರೆಸಿದರು. ಬಣ್ಣ ಒಂದು ಬೇಸಿಗೆ ತಡೆಯಲಿಲ್ಲ. ನಮ್ಮ ಬಿಸಿಲು, ಧೂಳು ನಿಮಗೆ ಗೊತ್ತಲ್ಲ. ಸಾದಾ ಪೇಂಟ್ ಬಳಿದರೆ ಹೀಗೇ ಆಗುವುದು. ಬಿಸಿ ಮಾಡಿ ಹಾಕುವ ಥರ್ಮೋಪ್ಲಾಸ್ಟಿಕ್ ಬಣ್ಣವನ್ನೇ ಕೇಳಿರಿ. ಅದರಲ್ಲಿ ಗಾಜಿನ ಸಣ್ಣ ಮಣಿ ಇರುತ್ತವೆ, ರಾತ್ರಿ ಲೈಟ್ ಬಿದ್ದರೆ ಹೊಳೆಯುತ್ತದೆ.

ಇನ್ನೊಂದು ತಿಳಿದುಕೊಳ್ರಿ. ಕೇಳುವ ಮೊದಲು ರಸ್ತೆ ಯಾರದು ಅಂತ ನೋಡಬೇಕು. ನಮ್ಮವರು ಒಂದು ಕಚೇರಿಗೆ ಕೊಟ್ಟರೆ ಅದು ನಮ್ಮ ರಸ್ತೆ ಅಲ್ಲ ಅಂದರು, ಇನ್ನೊಂದು ಕಡೆ ಹೋದರೆ ಅವರೂ ಹಾಗೇ ಅಂದರು. ಅರ್ಜಿ ಅಲೆದಾಡಿದ್ದೇ ಬಂತು.

ಕೋರ್ಟ್ ರಸ್ತೆ ವಕೀಲ

ರಾಯಚೂರಿನವರು ಸರಿಯಾದ ಜಾಗಕ್ಕೆ ಬಂದರು. ಬಳ್ಳಾರಿಯ ಮಟ್ಟಿಗೆ ಹೇಳುತ್ತೇನೆ. ಹೊಸಪೇಟೆ ಕಡೆಯಿಂದ ಬರುವ 67ನೇ ರಾಷ್ಟ್ರೀಯ ಹೆದ್ದಾರಿ, ಸಿರುಗುಪ್ಪ ಕಡೆಯಿಂದ ಬರುವ 150ಎ, ಇವುಗಳ ಲೆಕ್ಕ ಬೇರೆ. ಟೀಚರ್ ಹೇಳುವಂಥ ಬಡಾವಣೆಯ ಒಳ ರಸ್ತೆ ಸಾಮಾನ್ಯವಾಗಿ ಮಹಾನಗರ ಪಾಲಿಕೆಯದು. ಕಟ್ಟುವ ಕೆಲಸ ಅವರದು. ವೇಗ ಹಿಡಿಯುವುದು, ದಂಡ ಹಾಕುವುದು ಸಂಚಾರ ಪೊಲೀಸರ ಕೆಲಸ. ಇಬ್ಬರನ್ನೂ ಒಟ್ಟಿಗೆ ಕೂರಿಸಲು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಹಾಗಾಗಿ ಒಂದೇ ಅರ್ಜಿಯನ್ನು ಮೂರೂ ಕಡೆ ಕೊಡಿ. ಪ್ರತಿ ಕಡೆಯೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಸೀಲ್ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ.

ಕಾನೂನು ನಮ್ಮ ಕಡೆಗೇ ಇದೆ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಊರೊಳಗಿನ ರಸ್ತೆಗೆ ಕಾರಿಗೆ 70, ಬೈಕಿಗೆ 60 ಗರಿಷ್ಠ ಮಿತಿ ಅಂತಿದೆ. ಇದನ್ನೇ ಹಿಡಿದುಕೊಂಡು ಓಣಿಯಲ್ಲೂ 60ರಲ್ಲಿ ಹೋಗಬಹುದು ಅಂತ ವಾದ ಮಾಡುವವರಿದ್ದಾರೆ. ಹಾಗಲ್ಲ. ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಪ್ರಕಾರ, ಜನರ ಸುರಕ್ಷತೆಗೆ ಬೇಕು ಅನ್ನಿಸಿದ ರಸ್ತೆಗೆ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ಕಡಿಮೆ ಮಿತಿ ಹಾಕಬಹುದು. ಅದಕ್ಕೆ ಬೋರ್ಡ್ ನಿಲ್ಲಿಸಬೇಕು. ಮಿತಿ ಮೀರಿದರೆ 183ನೇ ಕಲಂ. 2019ರ ತಿದ್ದುಪಡಿಯಲ್ಲಿ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ ದಂಡ ಇದೆ. 2017ರ ಚಾಲನಾ ನಿಯಮಗಳ ಪ್ರಕಾರ ಜೀಬ್ರಾ ಪಟ್ಟಿಯ ಹತ್ತಿರ ಗಾಡಿಯವರು ನಿಧಾನ ಮಾಡಿ, ಬೇಕಿದ್ದರೆ ನಿಲ್ಲಿಸಿ, ದಾಟುವವರಿಗೆ ದಾರಿ ಬಿಡಲೇಬೇಕು.

ಅಷ್ಟೇ ಅಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. ಅದೇ ವರ್ಷ ಅಕ್ಟೋಬರಿನಲ್ಲಿ, ನಡೆಯುವವರ ಸುರಕ್ಷತೆಗೆ ನಿಯಮ ಮಾಡಲು ರಾಜ್ಯಗಳಿಗೆ ಆರು ತಿಂಗಳ ಗಡುವು ಕೊಟ್ಟಿತು. ಅರ್ಜಿಯಲ್ಲಿ ಈ ಎರಡನ್ನೂ ಬರೆಯಿರಿ. ಯಾರೂ ದಯೆ ತೋರಿಸಿ ಕೊಡಬೇಕಾದದ್ದಲ್ಲ ಇದು.

ಸತ್ಯನಾರಾಯಣಪೇಟೆ ಅಮ್ಮ

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಜೋರಾಗಿ ಹೋಗುವವರಲ್ಲಿ ಅರ್ಧ ನಮ್ಮ ಮನೆಯ ಮಕ್ಕಳೇ. ಹೈಸ್ಕೂಲ್ ಹುಡುಗರು ಟ್ಯೂಷನ್‌ಗೆ ಸ್ಕೂಟರ್ ತೆಗೆದುಕೊಂಡು ಹೋಗುತ್ತಾರೆ, ಮೂರು ಮೂರು ಜನ. ಕೀ ಕೊಡುವವರು ನಾವೇ ಅಲ್ವಾ? ಬಿಸಿಲಲ್ಲಿ ಯಾಕೆ ನಡೆಯಬೇಕು ಅಂತ ಅಜ್ಜ ಅಜ್ಜಿಯರೇ ಮುದ್ದು ಮಾಡಿ ಕೊಡಿಸುತ್ತಾರೆ. ವಕೀಲ ಸರ್, ಇದಕ್ಕೆ ಏನು ಶಿಕ್ಷೆ ಅಂತ ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಮಹಿಳಾ ಸಂಘದ ಗುಂಪಿಗೆ ಕಳಿಸುತ್ತೇನೆ.

ಕೋರ್ಟ್ ರಸ್ತೆ ವಕೀಲ

ಅಮ್ಮಾ, 199ಎ ಕಲಂ. ಹದಿನೆಂಟು ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಹೆತ್ತವರನ್ನು ಅಥವಾ ಗಾಡಿಯ ಮಾಲೀಕರನ್ನು ತಪ್ಪಿತಸ್ಥರು ಅಂತ ನೋಡುತ್ತಾರೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ಗುಂಪಿಗೆ ಖಂಡಿತ ಕಳಿಸಿ.

ಮೂಲೆ ಕಿರಾಣಿ ಅಂಗಡಿ

ನಾನು ಟೀಚರಮ್ಮನ ರಸ್ತೆಯವನೇ. ಅಜ್ಜಿ ಬಿದ್ದ ದಿನ ಮೊದಲು ಓಡಿಹೋಗಿ ಎತ್ತಿದ್ದು ನಾನು. ಅರ್ಜಿಗೆ ಸಹಿ ಹಾಕುತ್ತೇನೆ, ಆದರೆ ಒಂದು ಚಿಂತೆ. ಕ್ರಾಸಿಂಗ್ ಮಾಡಿ, ಮೂಲೆಯಲ್ಲಿ ಗಾಡಿ ನಿಲ್ಲಿಸಬೇಡಿ ಅಂದರೆ ನನ್ನ ವ್ಯಾಪಾರ ಏನಾಗಬೇಕು? ಹತ್ತು ಕೆಜಿ ಅಕ್ಕಿ ಒಯ್ಯುವವರು ಗಾಡಿ ಎಲ್ಲಿ ನಿಲ್ಲಿಸಬೇಕು? ಇನ್ನೊಂದು, ರಸ್ತೆ ಎತ್ತರಿಸಿದರೆ ಮಳೆ ನೀರು ನನ್ನ ಅಂಗಡಿಯೊಳಗೆ ಬರುತ್ತದೆ. ಸಿಸಿ ರಸ್ತೆ ಹಾಕುವಾಗಲೇ ನನ್ನ ಮೆಟ್ಟಿಲು ಒಂದು ಮುಳುಗಿದೆ.

ನಿವೃತ್ತ ಎಂಜಿನಿಯರ್

ಅಂಗಡಿಯವರ ಎರಡೂ ಮಾತು ಸರಿ. ನೀರಿಗೆ ದಾರಿ ಬಿಡದೆ ಎತ್ತರಿಸಿದರೆ ಮೊದಲ ಮಳೆಗೇ ಜನ ಅದನ್ನು ಒಡೆದು ಹಾಕುತ್ತಾರೆ. ಎರಡೂ ಅಂಚಿನಲ್ಲಿ ಚರಂಡಿ ಹರಿಯಲು ಜಾಗ ಬಿಟ್ಟು, ಅದರ ಮೇಲೆ ಕಬ್ಬಿಣದ ಜಾಲರಿ ಕೂರಿಸಬೇಕು. ಜಾಲರಿಯ ಸಂದಿ ಸಣ್ಣದಿರಬೇಕು. ಇಲ್ಲದಿದ್ದರೆ ಸೈಕಲ್ ಚಕ್ರ, ಅಜ್ಜಿಯ ಊರುಗೋಲು ಸಿಕ್ಕಿಹಾಕಿಕೊಳ್ಳುತ್ತದೆ. ಅರ್ಜಿಯಲ್ಲೇ ಇದನ್ನು ಬರೆದುಬಿಡಿ. ಆಮೇಲೆ ಹೇಳಿದರೆ ಎಸ್ಟಿಮೇಟಿನಲ್ಲಿ ಇಲ್ಲ ಅನ್ನುತ್ತಾರೆ.

ಗಾಡಿ ನಿಲ್ಲಿಸುವುದು ಪೂರಾ ಬೇಡ ಅಂತಲ್ಲ. ದಾಟುವ ಜಾಗ ಮತ್ತು ಮೂಲೆ ಖಾಲಿ ಇರಬೇಕು. ಅಲ್ಲಿ ಎರಡು ಕಲ್ಲು ಕಂಬ ನೆಟ್ಟರೆ ಕಾರು ಬರುವುದಿಲ್ಲ. ಅಂಗಡಿಯ ಇನ್ನೊಂದು ಪಕ್ಕ ಬಿಳಿ ಗೆರೆ ಎಳೆದು ಗಾಡಿಗೆ ಜಾಗ ಕೊಡಲಿ. ಗಿರಾಕಿ ನಾಲ್ಕು ಹೆಜ್ಜೆ ಹೆಚ್ಚು ನಡೆಯಬೇಕು, ಅಷ್ಟೇ.

ಟೀಚರ್, ಅರ್ಜಿ ಕೊಡುವ ಮೊದಲು ವೇಗ ಅಳೆಯಿರಿ. ರಾಡಾರ್ ಏನೂ ಬೇಡ. ರಸ್ತೆ ಅಂಚಿನಲ್ಲಿ ಟೇಪ್ ಹಿಡಿದು 50 ಮೀಟರ್ ಅಳೆದು ಎರಡೂ ತುದಿಗೆ ಸೀಮೆಸುಣ್ಣದ ಗೆರೆ ಹಾಕಿ. ಒಬ್ಬರು ಮೊದಲ ಗೆರೆಯ ಹತ್ತಿರ ನಿಂತು ಗಾಡಿ ದಾಟಿದ ಕೂಡಲೇ ಕೈ ಎತ್ತಲಿ. ಇನ್ನೊಬ್ಬರು ಎರಡನೇ ಗೆರೆಯ ಹತ್ತಿರ ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಲಿ. 6 ಸೆಕೆಂಡ್ ಹಿಡಿದರೆ 30 ಕಿ.ಮೀ. 4 ಸೆಕೆಂಡ್ ಅಂದರೆ 45. 3 ಸೆಕೆಂಡ್ ಅಂದರೆ 60. ರಸ್ತೆಗೆ ಇಳಿಯಬೇಡಿ, ಕಟ್ಟೆಯ ಮೇಲೆ ನಿಂತೇ ಮಾಡಿ. ಹೊತ್ತು, ಗಾಡಿಯ ಬಗೆ, ಸೆಕೆಂಡ್ ಇಷ್ಟು ಬರೆದುಕೊಳ್ಳಿ. ಗಾಡಿ ನಂಬರ್ ಬೇಡ, ಜಗಳ ಆಗುತ್ತದೆ.

ಕಪ್ಪಗಲ್ಲು ರಸ್ತೆ ಟೀಚರ್

ಸರ್, ನೀವು ಹೇಳಿದ ಹಾಗೇ ಅಳೆದೆವು. ನಾನು, ಅಂಗಡಿ ಅಣ್ಣ, ಅಜ್ಜಿಯ ಮೊಮ್ಮಗಳು. ಟಿಪ್ಪರ್‌ಗಳೇ ಜೋರು ಅಂದುಕೊಂಡಿದ್ದೆ. ಅವು ಸದ್ದು ಜಾಸ್ತಿ ಮಾಡುತ್ತವೆ, ಆದರೆ ಅಷ್ಟು ವೇಗ ಇಲ್ಲ. ನಾಲ್ಕು ಸೆಕೆಂಡಿನೊಳಗೆ ದಾಟಿದ್ದು ಹೆಚ್ಚಾಗಿ ಬೈಕು, ಆಮೇಲೆ ಕಾರು. ಅದೂ ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೇ. ಮಕ್ಕಳನ್ನು ಬಿಟ್ಟು ವಾಪಸ್ ಹೋಗುವ ತಂದೆ ತಾಯಂದಿರೂ ಅದರಲ್ಲಿದ್ದರು. ಅವರ ಹತ್ತಿರ ನಾನೇ ಮಾತಾಡುತ್ತೇನೆ.

ನೋಡುತ್ತಾ ನಿಂತಾಗ ಇನ್ನೊಂದು ಕಂಡಿತು. ದಾಟುವವರು ಅಲ್ಲಲ್ಲಿ ಚದುರಿ ದಾಟುವುದಿಲ್ಲ. ಬಹುತೇಕ ಎಲ್ಲರೂ ಬೇವಿನ ಮರದ ನೆರಳಿನಿಂದ ಶಾಲೆಯ ಗೇಟಿನ ಎಡಕ್ಕೆ ನೇರ ದಾಟುತ್ತಾರೆ. ನಾನು ಗೇಟಿನ ಎದುರಿಗೇ ಕ್ರಾಸಿಂಗ್ ಕೇಳಬೇಕು ಅಂತಿದ್ದೆ. ಆದರೆ ಜನ ನಡೆಯುವ ಜಾಗದಲ್ಲೇ ಇರಬೇಕು ಅನ್ನಿಸುತ್ತದೆ.

ನಿವೃತ್ತ ಎಂಜಿನಿಯರ್

ಅಲ್ಲೇ ಕೇಳಿ. ಜನ ದಾಟುವ ಜಾಗ ಬಿಟ್ಟು ಬೇರೆ ಕಡೆ ಕಟ್ಟಿದ ಕ್ರಾಸಿಂಗ್ ಖಾಲಿ ಬಿದ್ದಿರುತ್ತದೆ. ಮರ ಕಡಿಯಬಾರದು ಅಂತಲೂ ಒಂದು ಸಾಲು ಬರೆಯಿರಿ. ಬಳ್ಳಾರಿಯಲ್ಲಿ ನೆರಳೇ ಅರ್ಧ ಫುಟ್‌ಪಾತ್.

ಕೊಪ್ಪಳ ಭಾಗ್ಯನಗರ

ಓದುತ್ತಾ ಇದ್ದೇನೆ. ನಮ್ಮಲ್ಲೂ ಇದನ್ನೇ ಮಾಡಬೇಕು ಅಂತಿದ್ದೇವೆ. ಅರ್ಜಿಯ ನಕಲು ಇಲ್ಲಿ ಹಾಕಿ ಪ್ಲೀಸ್.

ಪಾರ್ವತಿ ನಗರ ನಿವಾಸಿ

ಹಂಪ್ ಜಾಸ್ತಿ ಬೇಡ ಅನ್ನುವ ಮಾತು ಈಗಲೂ ನನ್ನದೇ. ಆದರೆ ಆ 14 ಮೀಟರಿನ ಲೆಕ್ಕ ಓದಿದ ಮೇಲೆ ನಿನ್ನೆ ನಮ್ಮ ಓಣಿಗೆ ತಿರುಗುವಾಗ ಸ್ಪೀಡೋಮೀಟರ್ ನೋಡಿದೆ. ಶಾಲೆಗಳ ಮುಂದೆ ಒಂದೊಂದು ಅಳತೆಯ ಕ್ರಾಸಿಂಗ್ ಇರಲಿ ಅಂತ ಕೇಳಿದರೆ ನನ್ನ ಸಹಿಯೂ ಇರಲಿ.

ಕೋರ್ಟ್ ರಸ್ತೆ ವಕೀಲ

ಅರ್ಜಿ ಒಂದು ಪುಟ ಮೀರದಿರಲಿ. ಮೊದಲು ಜಾಗ, ಆಮೇಲೆ ನೀವು ಅಳೆದ ವೇಗ, ಆಮೇಲೆ ಬೇಡಿಕೆ. ಬೈಗುಳ ಬೇಡ. ಅಜ್ಜಿಯ ವಿಷಯ ಎರಡೇ ಸಾಲು, ಅವರ ಮನೆಯವರು ಒಪ್ಪಿದರೆ ಮಾತ್ರ. ಒಂದು ತಿಂಗಳು ಕಾದು, ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳೋಣ. 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಮ್ಮ ಅರ್ಜಿ ಈಗ ಯಾರ ಮೇಜಿನ ಮೇಲಿದೆ, ಅದರ ಮೇಲೆ ಏನು ಟಿಪ್ಪಣಿ ಬರೆದಿದ್ದಾರೆ ಅಂತ ಕೇಳಿದರೆ ಸಾಕು.

ಒಂದು ಸೂಚನೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಊಟ ಮಾಡಿ ಹೋಗೋಣ ಅಂದರೆ ಬಾಗಿಲು ಹಾಕಿರುತ್ತದೆ. ಅದಕ್ಕೂ ಮೊದಲೇ ಕೊಟ್ಟುಬಿಡಿ.

ಕಪ್ಪಗಲ್ಲು ರಸ್ತೆ ಟೀಚರ್

ಅಜ್ಜಿಯ ಮನೆಯವರು ಒಪ್ಪಿದ್ದಾರೆ. ಅಜ್ಜಿ ಈಗ ವಾಕರ್ ಹಿಡಿದು ಪಡಸಾಲೆಯವರೆಗೆ ಬರುತ್ತಾರೆ. ಮೊದಲ ಸಹಿ ಅವರದೇ.

ಭಾನುವಾರ ಬೆಳಿಗ್ಗೆ ಗುಡಿ ಕಟ್ಟೆಯ ಹತ್ತಿರ ಅರ್ಜಿ ಇಟ್ಟುಕೊಂಡು ಕೂತಿರುತ್ತೇನೆ. ನಮ್ಮ ರಸ್ತೆಯವರು, ಈ ಶಾಲೆಗೆ ಮಕ್ಕಳನ್ನು ಕಳಿಸುವವರು ಬಂದು ಸಹಿ ಹಾಕಿ. ಮೂರು ಕಚೇರಿಗೆ ಮೂರು ಪ್ರತಿ, ಹಾಗಾಗಿ ಮೂರು ಕಡೆ ಸಹಿ ಬೇಕು. ಕೌಲ್ ಬಜಾರ್ ತಮ್ಮಾ, ನೀನೂ ನಿನ್ನ ಗೆಳೆಯರೂ ಬನ್ನಿ. ನಿಮ್ಮ ಓಣಿಯ ಹಂಪ್‌ಗೆ ಬಣ್ಣ ಬಳಿಯುವ ಬಗ್ಗೆಯೂ ಸರ್ ಹತ್ತಿರ ಮಾತಾಡೋಣ.

ಕೌಲ್ ಬಜಾರ್ ಹುಡುಗ

ಬರ್ತೀವಿ ಅಕ್ಕ. ಸಿಸ್ಟರ್ ಬರೆದದ್ದನ್ನು ಹುಡುಗರಿಗೆ ಓದಿ ಹೇಳಿದೆ. ಬಿಳಿ ಪೇಂಟ್ ಒಬ್ಬರ ಮನೆಯಲ್ಲಿ ಉಳಿದಿತ್ತು, ಸದ್ಯಕ್ಕೆ ಅದನ್ನೇ ಈ ರಾತ್ರಿ ಬಳಿಯುತ್ತೇವೆ. ಎತ್ತರ ಎಷ್ಟು ಇಳಿಸಬೇಕು ಅಂತ ಎಂಜಿನಿಯರ್ ಸರ್ ಬಂದು ನೋಡಿ ಹೇಳಿದರೆ, ಒಡೆದು ಸರಿಮಾಡುವ ಕೆಲಸ ನಮ್ಮದು.